ಗಾಲಿ ಬಿಚ್ಚುವ ಕನ್ನಡ

ಪರರ ಪುಸ್ತಕಗಳಲ್ಲಿ ತಪ್ಪು ಹುಡುಕುವುದು ವಿಮರ್ಶಕನ ವಾಡಿಕೆ. ಇಂದು ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ನನ್ನದೇ ಪುಸ್ತಕವನ್ನು. 1987ರಲ್ಲಿ ಅಚ್ಚಾದ, ನೂರು ಪುಟ ಮೀರದ, ಮೋಟಾರು ಕಾರಿನ ರಚನೆಯನ್ನೂ ಸಾಮಾನ್ಯ ದುರಸ್ತಿಯನ್ನೂ ಕುರಿತ ಕೈಪಿಡಿ ಅದು. ಆಗ ಅದನ್ನು ಯಾರೂ ವಿಮರ್ಶಿಸಲಿಲ್ಲ. ಇಂಥ ಪುಸ್ತಕಗಳು ಸಾಹಿತ್ಯದ ಪಂಕ್ತಿಯಲ್ಲಿ ಕೂಡ್ರತಕ್ಕವಲ್ಲವೆಂದು ನಮ್ಮಲ್ಲಿ ಬಹಳ ಹಿಂದೆಯೇ ತೀರ್ಮಾನವಾಗಿ ಹೋಗಿದೆ. ಆ ತೀರ್ಮಾನವು ಸರಿಯಲ್ಲ. ಅದರ ಬೆಲೆಯನ್ನು ಬೇರೆಯವರು ತೆರಬೇಕಾಗುತ್ತದೆ ಎಂಬುದೇ ನನ್ನ ಇಂದಿನ ಮಾತು.

ಕೈಪಿಡಿ ಬರೆಯುವಾಗ ನಾನು ಒಂದು ದಿನವಾದರೂ ಕಾರಿನ ಬಾನೆಟ್ ಎತ್ತಿ ನೋಡಿದವನಲ್ಲ. ಮೇಜಿನ ಮೇಲೆ ಎರಡು ಇಂಗ್ಲಿಷ್ ಪುಸ್ತಕಗಳಿದ್ದವು; ಪಕ್ಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟು. ಇಷ್ಟು ಬಂಡವಾಳದಿಂದ ಕಾರ್ಬ್ಯುರೇಟರನ್ನು ‘ಇಂಧನ ಮಿಶ್ರಕ’ ಮಾಡಿದೆ, ಸ್ಪಾರ್ಕ್ ಪ್ಲಗ್ಗನ್ನು ‘ಕಿಡಿಜನಕ’ ಮಾಡಿದೆ, ಕ್ಲಚ್ಚನ್ನು ‘ಘರ್ಷಣ ಸಂಯೋಜಕ’ವೆಂದು ಕರೆದು ಒಂದು ವಾರ ಬೀಗಿದೆ. ಕನ್ನಡದಲ್ಲಿ ಶಾಸ್ತ್ರಗ್ರಂಥವೆಂದರೆ ಶಬ್ದಸೃಷ್ಟಿಯೇ ಎಂದು ನಂಬಿದ್ದ ಕಾಲ ಅದು.

ಪುಸ್ತಕದ ನಿಜವಾದ ವಿಮರ್ಶೆ ನಡೆದದ್ದು ಮೂವತ್ತು ವರ್ಷಗಳ ಮೇಲೆ, ಧಾರವಾಡದ ಕೆಲಗೇರಿಯಲ್ಲಿ. ನಿವೃತ್ತನಾದ ಬಳಿಕ ಒಂದು ಹಳೆಯ ಪುಟ್ಟ ಕಾರನ್ನು ಕೊಂಡು ನಡೆಸಲು ಕಲಿತಿದ್ದೆ. ಒಂದು ಸಂಜೆ ಗೋವಾ ರಸ್ತೆಯಲ್ಲಿ, ಕೆರೆಯ ಹತ್ತಿರ, ಮುಂದಿನ ಗಾಲಿಯೊಂದರ ಗಾಳಿ ಹೋಯಿತು. ನನಗೆ ಗಾಬರಿಯಾಗಲಿಲ್ಲ. ಕಾರಿನಲ್ಲಿ ನನ್ನ ಕೈಪಿಡಿಯ ಒಂದು ಪ್ರತಿ ಇತ್ತಷ್ಟೆ! ತೆರೆದು ಓದಿದೆ: ‘ಉತ್ಥಾಪಕದಿಂದ ವಾಹನವನ್ನು ಮೇಲೆತ್ತಿದ ತರುವಾಯ ಚಕ್ರಬಂಧಕಗಳನ್ನು ಶಿಥಿಲಗೊಳಿಸತಕ್ಕದ್ದು.’ ಅದರಂತೆ ಜಾಕು ಕೊಟ್ಟು ಕಾರನ್ನು ಎತ್ತಿದೆ. ಪಾನಾ ಹಾಕಿ ನಟ್ಟನ್ನು ತಿರುವಿದರೆ ನಟ್ಟಿನ ಬದಲು ಗಾಲಿಯೇ ತಿರುಗಿತು. ಬಲವಾಗಿ ಜಗ್ಗಿದೆ. ಕಾರು ಜಾಕಿನ ಮೇಲೆ ತೂಗಿ, ಜಾಕು ಒರಗಿ, ದಡ್ಡೆಂದು ಕೆಳಗೆ ಕೂತಿತು. ಕ್ಷಣದ ಹಿಂದೆ ಗಾಲಿಯ ಕೆಳಗಿದ್ದ ನನ್ನ ಅಂಗೈ ಆಗ ಹೊರಗಿತ್ತು. ಅದು ದೈವ, ನನ್ನ ಜಾಣತನವಲ್ಲ.

ಹತ್ತಿರದ ಗ್ಯಾರೇಜಿನಿಂದ ಹದಿನೆಂಟರ ಹುಡುಗನೊಬ್ಬ ಓಡಿಬಂದ. ‘ಅಜ್ಜಾರ, ಹಿಂದ ಸರೀರಿ. ನೆಲದ ಮ್ಯಾಲ ಇದ್ದಾಗನ ನಟ್ಟು ಸಡಲ ಮಾಡಬೇಕ್ರಿ. ಆಮ್ಯಾಲ ಎತ್ತಬೇಕು’ ಎಂದ. ಹಿಂದಿನ ಗಾಲಿಗೆ ಕಲ್ಲು ಕೊಟ್ಟ, ಹ್ಯಾಂಡ್ ಬ್ರೇಕ್ ಎಳೆದ, ಗೇರಿಗೆ ಹಾಕಿದ. ಒಂದೊಂದು ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕು ಕೊಟ್ಟ. ಬೇರೆ ಗಾಲಿ ಹಾಕಿ ನಟ್ಟುಗಳನ್ನು ಬೆರಳಿನಿಂದ ಕೂರಿಸಿ, ಕಾರನ್ನು ಇಳಿಸಿದ ಮೇಲೆಯೇ ಎದುರುಬದುರಿನವನ್ನು ಹಿಡಿದು ಪೂರ್ತಿ ಬಿಗಿದ. ಹತ್ತು ನಿಮಿಷದ ಕೆಲಸ. ಕೈ ಒರಸಿಕೊಂಡು, ನೆಲದ ಮೇಲಿದ್ದ ಪುಸ್ತಕವನ್ನೆತ್ತಿ ಓದಿದ.

‘ಶಿಥಿಲ ಅಂದ್ರ ಏನ್ರಿ? ಹಳೇ ಗುಡಿಗೆ ಅಂತಾರಲ್ರಿ, ಹಂಗ?’

‘ಸಡಿಲ ಅಂತ, ತಮ್ಮಾ.’

‘ಇದನ್ನ ಬರದವರು ಒಂದರ ಗಾಲಿ ಬಿಚ್ಚಿದಂಗ ಕಾಣೂದಿಲ್ರಿ.’

ಬರೆದವರ ಹೆಸರನ್ನು ನಾನು ಹೇಳಲಿಲ್ಲ. ಅಂದಿನಿಂದ ವಾರಕ್ಕೆ ಎರಡು ಸಂಜೆ ಅದೇ ಗ್ಯಾರೇಜಿನಲ್ಲಿ ಡಬ್ಬದ ಮೇಲೆ ಕುಳಿತು ಮೊದಲ ಪಾಠದಿಂದ ಕಲಿಯತೊಡಗಿದೆ.

ಹುಡುಗನ ಎರಡನೆಯ ಮಾತು ಮೊದಲನೆಯದಕ್ಕಿಂತ ಆಳವಾದ ವಿಮರ್ಶೆ. ‘ಶಿಥಿಲ’ವನ್ನು ತೆಗೆದು ‘ಸಡಿಲ’ ಹಾಕಿದ್ದರೂ, ‘ಚಕ್ರಬಂಧಕ’ವನ್ನು ‘ನಟ್ಟು’ ಮಾಡಿದ್ದರೂ, ನನ್ನ ವಾಕ್ಯ ಜಾಕನ್ನು ಉರುಳಿಸಿಯೇ ತೀರುತ್ತಿತ್ತು. ತಪ್ಪು ಇದ್ದದ್ದು ಕ್ರಮದಲ್ಲಿ. ಸಂಸ್ಕೃತದ ಪದ ಬೇಕೋ ಇಂಗ್ಲಿಷಿನದು ಸಾಕೋ ಅಚ್ಚಗನ್ನಡವೋ ಎಂದು ನಾವು ಸಭೆಗಳಲ್ಲಿ ಎಷ್ಟು ವಾದಿಸಿದ್ದೇವೆ! ಅದೆಲ್ಲ ನಾಮಪದದ ಜಗಳ. ಕೆಲಸವನ್ನು ಹೇಳುವ ಗದ್ಯದ ಪ್ರಾಣ ಕ್ರಿಯಾಪದದಲ್ಲಿದೆ, ಒಂದರ ಹಿಂದೊಂದು ಕ್ರಿಯೆ ಬರುವ ಸರದಿಯಲ್ಲಿದೆ. ‘ಸಡಿಲಿಸಿ, ಎತ್ತಿ, ಬಿಚ್ಚಿ, ಹಾಕಿ, ಇಳಿಸಿ, ಬಿಗಿ’: ಕನ್ನಡದ ಭೂತ ನ್ಯೂನವು ಇಂಥ ಸರದಿಗೆಂದೇ ಹುಟ್ಟಿದಂತಿದೆ. ಅದನ್ನು ಬಿಟ್ಟು ನಾನು ‘ತರುವಾಯ’, ‘ತಕ್ಕದ್ದು’ಗಳನ್ನು ನೆಚ್ಚಿದೆ, ಅದರಲ್ಲಿಯೂ ಸರದಿ ತಪ್ಪಿಸಿದೆ.

ಗ್ಯಾರೇಜಿನ ಭಾಷೆಯನ್ನು ಕಿವಿಗೊಟ್ಟು ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಭಾಗಗಳ ಹೆಸರೆಲ್ಲ ಇಂಗ್ಲಿಷಿನಿಂದ ಬಂದವು: ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್. ಆದರೆ ರೋಗಲಕ್ಷಣವೆಲ್ಲ ಕನ್ನಡವೇ. ಗಾಡಿ ಜಗ್ಗುವುದಿಲ್ಲ, ಇಂಜಿನ್ ಕಾದಿದೆ, ಎಣ್ಣೆ ಕುಡಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎತ್ತು ಎಮ್ಮೆಗಳ ನಡುವೆ ಬೆಳೆದ ಕ್ರಿಯಾಪದಗಳು ಇವು. ‘ಎಣ್ಣೆ ಕುಡೀತದ’ ಎಂಬ ಎರಡು ಮಾತಿನಲ್ಲಿ, ಸವೆದ ಪಿಸ್ಟನ್ ರಿಂಗುಗಳನ್ನು ದಾಟಿ ಎಣ್ಣೆಯು ಸಿಲಿಂಡರಿಗೆ ನುಗ್ಗಿ ಉರಿದು, ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗಿ ಬರುವ ಸಂಗತಿಯೆಲ್ಲ ಅಡಗಿದೆ. ವಚನಕಾರರು ಬಂಡಿಯ ಕಡೆಗೀಲನ್ನು ಅನುಭಾವಕ್ಕೆ ಉಪಮೆಯಾಗಿ ತಂದರು. ಆ ಕೀಲು ಕಳಚಿದರೆ ಏನಾಗುವುದೆಂಬುದು ಅವರಿಗೆ ಗೊತ್ತಿತ್ತು. ನನ್ನ ‘ಘರ್ಷಣ ಸಂಯೋಜಕ’ಕ್ಕೆ ಇಲ್ಲದ್ದು ಆ ಅನುಭವ.

ಯಂತ್ರ ಸಾಹಿತ್ಯಕ್ಕೆ ಬಂದಿಲ್ಲವೆಂದಲ್ಲ. ಸುಬೋಧ ಘೋಷರ ಬಂಗಾಳಿ ಕಥೆಯಿಂದ ಋತ್ವಿಕ ಘಟಕರು 1958ರಲ್ಲಿ ತೆಗೆದ ‘ಅಜಾಂತ್ರಿಕ್’ ಚಿತ್ರದಲ್ಲಿ, ಬಿಮಲನೆಂಬ ಟ್ಯಾಕ್ಸಿ ಚಾಲಕನಿಗೆ ತನ್ನ ಮುರುಕು ಕಾರು ಜಗದ್ದಲನೇ ಬಂಧು. ಮನಸ್ಸು ಕಲಕುವ ಕೃತಿ. ಆದರೆ ಅಲ್ಲಿ ಕಾರು ಮನುಷ್ಯನಾಗುತ್ತದೆ. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಝೆನ್ ಮತ್ತು ಮೋಟಾರ್‌ಸೈಕಲ್ ಕುರಿತ ಪ್ರಸಿದ್ಧ ಪುಸ್ತಕದಲ್ಲಿ ಬೈಕು ತತ್ವಜ್ಞಾನವಾಗುತ್ತದೆ. ಅದರಲ್ಲಿ ನನಗೆ ಹೆಚ್ಚು ಮೆಚ್ಚಾದದ್ದು ತತ್ವವಲ್ಲ, ಒಂದು ಸಣ್ಣ ಪ್ರಸಂಗ. ಗೆಳೆಯನ ದುಬಾರಿ ಬೈಕಿನ ಹ್ಯಾಂಡಲ್ ಸಡಿಲಾದಾಗ, ಬಿಯರ್ ಡಬ್ಬದ ತಗಡಿನ ತುಂಡನ್ನು ಸಂದಿಗೆ ಸೇರಿಸಿದರೆ ಸರಿಹೋಗುತ್ತದೆಂದು ನಿರೂಪಕ ಹೇಳುತ್ತಾನೆ. ಗೆಳೆಯನಿಗೆ ಅವಮಾನವಾಗುತ್ತದೆ. ವಸ್ತುವಿನ ಗುಣ ನೋಡುವವನಿಗೂ ಹೆಸರು ನೋಡುವವನಿಗೂ ಇರುವ ಅಂತರ ಅದು. ನಾನು ಆ ಗೆಳೆಯನ ಜಾತಿ.

ನಮ್ಮಲ್ಲಿ ದಾರಿ ತೋರಿದವರು ಬಿ. ಜಿ. ಎಲ್. ಸ್ವಾಮಿಯವರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಕಾಡಿನಲ್ಲಿ ನಡೆಯುತ್ತ, ವಿದ್ಯಾರ್ಥಿಗಳೊಡನೆ ನಗುತ್ತ ಹೇಳುತ್ತದೆ. ಅಲ್ಲಿ ಲ್ಯಾಟಿನ್ ಹೆಸರುಗಳಿಗೆ ಬರವಿಲ್ಲ, ಆದರೂ ಓದುಗ ಬೆದರುವುದಿಲ್ಲ. ಏಕೆಂದರೆ ಸ್ವಾಮಿಯವರು ಗಿಡವನ್ನು ಕಂಡವರು. ಯಂತ್ರಕ್ಕೆ ಅಂಥ ಗದ್ಯವನ್ನು ಕೊಡುವ ಹೊಣೆ ನನ್ನಂಥವರ ಮೇಲೆ ಬಿದ್ದಿತ್ತು. ನಾನು ಅದನ್ನು ನಿಘಂಟಿಗೆ ವಹಿಸಿದೆ.

ಒಳ್ಳೆಯ ಸೂಚನೆ ಹೇಗಿರಬೇಕೆಂಬುದಕ್ಕೆ ಗ್ಯಾರೇಜಿನಲ್ಲಿ ಕಲಿತ ಒಂದು ಪಾಠವನ್ನು ಮುಂದಿಡುತ್ತೇನೆ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತಂತಿ ಬಿಚ್ಚು. ಹಾಕುವಾಗ ಅದನ್ನು ಕೊನೆಗೆ ಹಾಕು. ಏಕೆ? ಕಾರಿನ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಸೇರಿದೆ. ಅದು ಸೇರಿರುವಾಗಲೇ ಪ್ಲಸ್ ಬಿಚ್ಚಹೋಗಿ ಪಾನಾ ಮೈಗೆ ತಾಗಿದರೆ, ಬ್ಯಾಟರಿಯ ವಿದ್ಯುತ್ತೆಲ್ಲ ಪಾನಾದ ಮೂಲಕ ಹರಿದು ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಮೈನಸ್ ಕಳಚಿದ ಮೇಲೆ ಆ ದಾರಿಯೇ ಇಲ್ಲ. ಕಾರಣ ತಿಳಿದವನಿಗೆ ಕ್ರಮ ಮರೆಯದು. ಮರೆತರೂ ಕಾರಣದಿಂದ ಮತ್ತೆ ಹುಟ್ಟಿಸಿಕೊಳ್ಳಬಲ್ಲನು. ನನ್ನ ಕೈಪಿಡಿಯಲ್ಲಿ ‘ಧನಾಗ್ರ’, ‘ಋಣಾಗ್ರ’ಗಳಿದ್ದವು, ‘ಏಕೆ’ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಈಗ ಇದೆಲ್ಲ ಏಕೆ, ಕಾರಿನ ರೋಗವನ್ನು ಕಂಪ್ಯೂಟರೇ ಹೇಳುತ್ತದಲ್ಲ, ಮಿಸ್ತ್ರಿಗಳೇ ಮೊಬೈಲಿನ ವಿಡಿಯೋಗಳಲ್ಲಿ ಸೊಗಸಾಗಿ ತೋರಿಸುತ್ತಾರಲ್ಲ ಎಂದು ವಾಚಕರು ಕೇಳಬಹುದು. ವಿಡಿಯೋಗಳನ್ನು ನಾನೂ ನೋಡುತ್ತೇನೆ; ಕಲಿತದ್ದೂ ಉಂಟು. ಆದರೆ ಅಲ್ಲಿ ‘ಇದನ್ನ ಹಿಂಗ ತಿರುವ್ರಿ’ ಎಂದರೆ ಸಾಕು, ಉಳಿದದ್ದನ್ನು ಕೈ ಹೇಳುತ್ತದೆ. ಬರಹಕ್ಕೆ ಕೈಯಿಲ್ಲ, ಮಾತೇ ಕೈಯಾಗಬೇಕು. ಹಾಗೆ ಆಗಬಲ್ಲ ಮಾತನ್ನು ಬೆಳೆಸದ ಭಾಷೆಯು ಕಥೆ ಕವಿತೆಗಳಲ್ಲಿ ಎಷ್ಟೇ ಹಿರಿದಾಗಿದ್ದರೂ, ದುಡಿಯುವವನನ್ನು ನಡುದಾರಿಯಲ್ಲಿ ಕೈಬಿಡುತ್ತದೆ.

ನನ್ನ ಪುಸ್ತಕದ ಪ್ರತಿಗಳು ಖರ್ಚಾದವೆಂದು ಪ್ರಕಾಶಕರು ಆಗ ತಿಳಿಸಿದ್ದರು, ನಾನು ಹಿಗ್ಗಿದ್ದೆ. ಕೊಂಡವರಲ್ಲಿ ಯಾರು ಯಾವ ರಸ್ತೆಯ ಬದಿಯಲ್ಲಿ ನನ್ನ ಮಾತನ್ನು ನಂಬಿ ಜಾಕು ಕೊಟ್ಟರೋ, ಅವರ ಅಂಗೈ ಎಲ್ಲಿತ್ತೋ! ಆ ಚಿಂತೆ ಈಗ ರಾತ್ರಿ ಕಾಡುತ್ತದೆ.

ಕೈಪಿಡಿಯನ್ನು ತಿದ್ದಿ ಬರೆಯುತ್ತಿದ್ದೇನೆ. ಒಂದೊಂದು ಅಧ್ಯಾಯ ಮುಗಿದಾಗಲೂ ಅದನ್ನು ಹುಡುಗನ ಕೈಗೆ ಕೊಡುತ್ತೇನೆ. ಅವನು ಓದುತ್ತಾನೆ, ಓದಿದಂತೆ ನಾನು ಮಾಡುತ್ತೇನೆ. ಎಲ್ಲಿ ನನ್ನ ಕೈ ತಡೆಯುತ್ತದೆಯೋ ಅಲ್ಲಿ ವಾಕ್ಯಕ್ಕೆ ಗೆರೆ ಬೀಳುತ್ತದೆ. ಗಾಲಿಯ ಅಧ್ಯಾಯಕ್ಕೆ ಈವರೆಗೆ ಏಳು ಗೆರೆಗಳು ಬಿದ್ದಿವೆ. ಮೊದಲನೆಯ ಪುಸ್ತಕವನ್ನು ಬರೆದವನು ಯಾರೆಂಬುದನ್ನು ಅವನಿಗೆ ಇನ್ನೂ ಹೇಳಿಲ್ಲ. ಈ ಲೇಖನವನ್ನು ಓದಿ ತಿಳಿದುಕೊಂಡರೆ ಒಳ್ಳೆಯದೇ.