ಆನ್ ಎಲಿಯಟ್‌ಳ ಕಿವಿಯಿಂದ ಓದಿ

ಜೇನ್ ಆಸ್ಟಿನ್‌ರನ್ನು ಹೊಸದಾಗಿ ಓದುವವರು ‘ಪ್ರೈಡ್ ಅಂಡ್ ಪ್ರೆಜುಡೀಸ್’ನಿಂದ ಶುರುಮಾಡುವುದು ವಾಡಿಕೆ. ನಾನು ‘ಪರ್ಸ್ವೇಷನ್’ ಕೈಗಿಡುತ್ತೇನೆ. ಅವರು ಪೂರ್ತಿಗೊಳಿಸಿದ ಕಡೆಯ ಕಾದಂಬರಿ ಇದು. 1817ರ ಜುಲೈಯಲ್ಲಿ ಅವರು ತೀರಿಕೊಂಡರು. ಪುಸ್ತಕ ಹೊರಬಂದದ್ದು ಆ ವರ್ಷದ ಕೊನೆಗೆ.

ಕಥೆ ಚಿಕ್ಕದು. ಹತ್ತೊಂಬತ್ತರ ಆನ್ ಎಲಿಯಟ್ ನೌಕಾಪಡೆಯ ತರುಣ ವೆಂಟ್‌ವರ್ತ್‌ನನ್ನು ಮದುವೆಯಾಗಲು ಒಪ್ಪಿರುತ್ತಾಳೆ. ಅವನಿಗೆ ಆಸ್ತಿಯಿಲ್ಲ, ಹೇಳಿಕೊಳ್ಳುವ ಮನೆತನವಿಲ್ಲ. ತಂದೆ ಸರ್ ವಾಲ್ಟರ್ ಮುಖ ತಿರುಗಿಸುತ್ತಾನೆ, ತಾಯಿಯಂತಿದ್ದ ಲೇಡಿ ರಸೆಲ್ ಬುದ್ಧಿ ಹೇಳುತ್ತಾಳೆ, ಸಂಬಂಧ ಮುರಿಯುತ್ತದೆ. ಸುಮಾರು ಎಂಟು ವರ್ಷದ ಮೇಲೆ ಅವನು ಕ್ಯಾಪ್ಟನ್ ಆಗಿ, ಯುದ್ಧದಲ್ಲಿ ಹಿಡಿದ ಹಡಗುಗಳ ಪಾಲಿನಿಂದ 25,000 ಪೌಂಡು ಗಳಿಸಿ ಬರುತ್ತಾನೆ. ಇತ್ತ ಸರ್ ವಾಲ್ಟರ್ ಸಾಲ ತಾಳಲಾರದೆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ, ಅದೂ ವೆಂಟ್‌ವರ್ತ್‌ನ ಅಕ್ಕ-ಭಾವನಿಗೆ. ಹುಟ್ಟಿನಲ್ಲಿ ಚಿಕ್ಕವರನ್ನು ನೌಕಾಪಡೆ ಮೇಲಕ್ಕೇರಿಸುತ್ತದೆ ಎಂದು ದೂರುವವನು ಇವನೇ.

ಇಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸಿದಾಗ, ಯಾವ ಮಾತು ಯಾರ ಕಿವಿಗೆ ಬೀಳುತ್ತಿದೆ ಎಂದು ಗಮನಿಸಿ. ಆನ್‌ಳನ್ನು ಕೇಳುವವರು ಕಡಿಮೆ. ಅವಳ ಬಗೆಗಿನ ತೀರ್ಪುಗಳು ಮಾತ್ರ ಅವಳಿಗೆ ತಲುಪುತ್ತಲೇ ಇರುತ್ತವೆ. ಗುರುತೇ ಸಿಗದಷ್ಟು ಬದಲಾಗಿದ್ದಾಳೆಂದು ವೆಂಟ್‌ವರ್ತ್ ಅಂದದ್ದನ್ನು ತಂಗಿ ಮೇರಿ ಅಳುಕಿಲ್ಲದೆ ಬಂದು ಒಪ್ಪಿಸುತ್ತಾಳೆ. ಹತ್ತನೆಯ ಅಧ್ಯಾಯದಲ್ಲಿ, ಬೇಲಿಯ ಮರೆಯಲ್ಲಿ ಕೂತ ಆನ್‌ಳ ಕಿವಿಗೆ ಅವನು ಮೇರಿಯ ನಾದಿನಿ ಲೂಯಿಸಾಳ ಗಟ್ಟಿ ಮನಸ್ಸನ್ನು ಹೊಗಳುವುದು ಬೀಳುತ್ತದೆ. ಹೊಗಳಿಕೆ ಲೂಯಿಸಾಳಿಗೆ, ಏಟು ಆನ್‌ಳಿಗೆ. ಮುಂದೆ ಲೈಮ್‌ನ ಕಡಲಕಟ್ಟೆಯಲ್ಲಿ ಅದೇ ಲೂಯಿಸಾ ಅವನು ಬೇಡವೆಂದರೂ ಹಟಹಿಡಿದು ಜಿಗಿದು ಪ್ರಜ್ಞೆ ತಪ್ಪಿ ಬೀಳುತ್ತಾಳೆ.

ವೆಂಟ್‌ವರ್ತ್‌ನ ಒಲವು ಬಹುಕಾಲ ಮಾತಿಗೆ ಬರುವುದಿಲ್ಲ. ಅವನ ಕೈಗಳನ್ನು ನೋಡಿ. ಆನ್‌ಳ ಬೆನ್ನಿಗೆ ಜೋತುಬಿದ್ದು ಕಾಡುವ ಮಗುವನ್ನು ಸದ್ದಿಲ್ಲದೆ ಬಿಡಿಸುತ್ತಾನೆ. ನಡೆದು ದಣಿದವಳನ್ನು ಗಾಡಿ ಹತ್ತಿಸುತ್ತಾನೆ. ಇಂಥಲ್ಲಿ ನಿಧಾನಿಸಿ.

ಇಪ್ಪತ್ತಮೂರನೆಯ ಅಧ್ಯಾಯಕ್ಕೆ ಒಂದು ಸಂಜೆಯನ್ನೇ ಎತ್ತಿಡಿ. ಬಾತ್ ಊರಿನ ವೈಟ್ ಹಾರ್ಟ್ ಹೋಟೆಲು. ಯಾರ ಪ್ರೀತಿ ಹೆಚ್ಚು ಬಾಳುತ್ತದೆ, ಗಂಡಿನದೋ ಹೆಣ್ಣಿನದೋ ಎಂದು ಆನ್ ವೆಂಟ್‌ವರ್ತ್‌ನ ಗೆಳೆಯ ಕ್ಯಾಪ್ಟನ್ ಹಾರ್ವಿಲ್‌ನೊಡನೆ ವಾದಕ್ಕಿಳಿದಿದ್ದಾಳೆ. ಹೆಣ್ಣು ಚಂಚಲೆಯೆಂಬುದಕ್ಕೆ ಅವನು ಪುಸ್ತಕಗಳ ಸಾಕ್ಷಿ ಹೇಳಹೊರಟರೆ, ಅವನ್ನು ಬರೆದವರೆಲ್ಲ ಗಂಡಸರು ಎಂದು ಅವಳು ತಡೆಯುತ್ತಾಳೆ. ಅದೇ ಕೋಣೆಯಲ್ಲಿ ಕಾಗದ ಬರೆಯುತ್ತ ಕೂತ ವೆಂಟ್‌ವರ್ತ್‌ನ ಲೇಖನಿ ಕೆಳಗೆ ಬೀಳುತ್ತದೆ. ಈ ಸಲ ಕೇಳಿಸಿಕೊಳ್ಳುವ ಸರದಿ ಅವನದು. ನಾನು ಓದಿದ ಪ್ರೇಮಪತ್ರಗಳಲ್ಲೇ ಶ್ರೇಷ್ಠವಾದದ್ದು ಅಲ್ಲಿ ಹುಟ್ಟುತ್ತದೆ.

ಕೊನೆಯಲ್ಲಿ ಆನ್ ಆಡುವ ಮಾತೊಂದು ಕೆಲವರನ್ನು ಕೆರಳಿಸುತ್ತದೆ: ಲೇಡಿ ರಸೆಲ್‌ಳ ಸಲಹೆ ತಪ್ಪು, ಅದನ್ನು ಪಾಲಿಸಿದ ತಾನು ತಪ್ಪಲ್ಲ. ಅವಳನ್ನು ದುರ್ಬಲೆ ಎನ್ನುವ ಆತುರ ಬೇಡ. ಹಿರಿಯರಿಗೆ ತಲೆಬಾಗಿದ ಹುಡುಗಿಯಿಂದ ಆಸ್ಟಿನ್ ತಪ್ಪೊಪ್ಪಿಗೆ ಬರೆಸಿಕೊಳ್ಳುವುದಿಲ್ಲ. ಈ ಕಾದಂಬರಿಯ ದೊಡ್ಡತನ ಅದು.

ಹೋಟೆಲಿನ ಆ ಸಂವಾದ ಮೊದಲ ಬರವಣಿಗೆಯಲ್ಲಿ ಇರಲೇ ಇಲ್ಲ. 1816ರಲ್ಲಿ ಬರೆದ ಮುಕ್ತಾಯ ರುಚಿಸದೆ ಆಸ್ಟಿನ್ ಅದನ್ನು ತಿರುಗಿ ಬರೆದರು. ಕೈಬಿಟ್ಟ ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಲವು ಮುದ್ರಣಗಳು ಅವನ್ನು ಅನುಬಂಧವಾಗಿ ಕೊಡುತ್ತವೆ. ಅಂಥ ಪ್ರತಿಯನ್ನೇ ಹುಡುಕಿ ಕೊಂಡು, ಎರಡನ್ನೂ ಓದಿ.