ಕಲ್ಲಿನ ಗುಡಿಯೂ ಕಾಗದದ ತಾಬೂತೂ

ಹರಪನಹಳ್ಳಿಯ ಸೀಮೆಯಲ್ಲಿ ಶಿಲ್ಪದ ಮಾತು ಬಂದೊಡನೆ ನೀಲಗುಂದದ ಭೀಮೇಶ್ವರ ದೇವಾಲಯವು ನೆನಪಿಗೆ ಬರುವುದು ಸಹಜ. ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯಲ್ಲಿ ಬಳಪದ ಕಲ್ಲು ಶಿಲ್ಪಿಯ ಉಳಿಗೆ ಮೇಣದಂತೆ ಒಲಿದಿದೆ. ಎಂಟು ನೂರು ವರ್ಷಗಳಿಗೂ ಮಿಕ್ಕಿ ಬಿಸಿಲು ಮಳೆಗಳನ್ನು ಸಹಿಸಿ ನಿಂತ ಅದನ್ನು ನೋಡಿ ಬಂದವನು, ಕಲೆಯೆಂದರೆ ಉಳಿಯುವುದು, ಉಳಿಯದುದು ಕಲೆಯಲ್ಲ ಎಂಬ ಸಿದ್ಧಾಂತವನ್ನು ತಾನರಿಯದೆಯೇ ಮನಸ್ಸಿನಲ್ಲಿ ಕಟ್ಟಿಕೊಂಡು ಮರಳುತ್ತಾನೆ. ಈ ಸಿದ್ಧಾಂತವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಏಕೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಕಡೆ ವರ್ಷಕ್ಕೊಮ್ಮೆ ಮತ್ತೊಂದು ಬಗೆಯ ಗೋಪುರವು ಏಳುತ್ತದೆ. ಅದು ಮೊಹರಮ್ಮಿನ ತಾಬೂತು, ಕ್ರಿ. ಶ. 680ರಲ್ಲಿ ಕರ್ಬಲದ ಬಯಲಿನಲ್ಲಿ ಮಡಿದ ಹುಸೇನರ ಸಮಾಧಿಯ ಪ್ರತಿಕೃತಿ. ಅದಕ್ಕೆ ಎಲುಬು ಬಿದಿರಿನ ಸೀಳು, ಚರ್ಮ ಬಣ್ಣದ ಕಾಗದ. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆಸುವ ಈ ಅಲಾಯಿ ಹಬ್ಬದ ಹೆಜ್ಜೆಮೇಳವನ್ನು ಜಾನಪದ ವಿದ್ವಾಂಸರು ಬಣ್ಣಿಸಿದ್ದಾರೆ. ರಿವಾಯತ್ ಪದಗಳನ್ನು ಸಂಗ್ರಹಿಸಿದ್ದಾರೆ. ಆದರೆ ಕಣ್ಣೆದುರಿಗೇ ನಿಂತ ಕಾಗದದ ಕಟ್ಟಡವನ್ನು ಕಟ್ಟಡವೆಂದೇ ನೋಡಿ ಅದರ ಗುಣದೋಷಗಳನ್ನು ವಿವೇಚಿಸಿದವರು ವಿರಳ.

ಹಾಗೆ ನೋಡುವುದಾದರೆ ಮೊದಲು ಗಮನಕ್ಕೆ ಬರುವುದು ಕತ್ತರಿಯ ಕೆಲಸ. ಹಾಳೆಯನ್ನು ನಡುವಿನಿಂದ ಮೂರು ಸಲ ಮಡಿಸಿದರೆ ಎಂಟು ಪದರದ ಒಂದು ತ್ರಿಕೋಣವಾಗುತ್ತದೆ. ಅದರ ಒಂದು ಅಂಚಿನಲ್ಲಿ ಅರ್ಧ ಎಲೆಯನ್ನೂ ಇನ್ನೊಂದು ಅಂಚಿನಲ್ಲಿ ಅರ್ಧ ಹೂವನ್ನೂ ಕತ್ತರಿಸಿ ತೆಗೆದು ಬಿಡಿಸಿದರೆ, ಸುತ್ತಲೂ ನಾಲ್ಕು ಎಲೆ, ಎಲೆಗೊಂದರ ನಡುವೆ ಒಂದರಂತೆ ನಾಲ್ಕು ಹೂ ಅರಳಿ ನಿಲ್ಲುತ್ತವೆ. ಕುಶಲಿಯು ಕೈಯಲ್ಲಿ ಹಿಡಿದಿರುವುದು ಅರ್ಧವನ್ನು; ಮನಸ್ಸಿನಲ್ಲಿ ಕಾಣುತ್ತಿರಬೇಕಾದುದು ಪೂರ್ಣವನ್ನು. ಬರೆದು ಅಳಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಒಮ್ಮೆ ತೆಗೆದ ಚೂರು ಮರಳಿ ಕೂಡುವುದಿಲ್ಲ. ಈ ವಿಷಯದಲ್ಲಿ ಅವನ ಕಷ್ಟವೂ ಶಿಲ್ಪಿಯ ಕಷ್ಟವೂ ಒಂದೇ. ಇಬ್ಬರೂ ಸೇರಿಸುವುದರಿಂದಲ್ಲ, ಕಳೆಯುವುದರಿಂದ ಆಕಾರವನ್ನು ಪಡೆಯುತ್ತಾರೆ. ಚಾಲುಕ್ಯರ ಗುಡಿಗಳ ಜಾಲಂಧ್ರಗಳಲ್ಲಿ ಕಲ್ಲನ್ನು ತೂತುಮಾಡಿ ಬೆಳಕನ್ನು ಅಲಂಕಾರವಾಗಿ ಬಳಸಿದಂತೆಯೇ, ಇಲ್ಲಿ ಹಾಳೆಯ ಹಿಂದೆ ದೀಪವಿಟ್ಟಾಗ ಕತ್ತರಿಸಿ ಬಿಟ್ಟ ಜಾಗವೇ ಚಿತ್ರವಾಗುತ್ತದೆ.

ಕತ್ತರಿಯನ್ನು ಕುಂಚಕ್ಕಿಂತ ಕೀಳೆಂದು ಬಗೆಯುವವರು ಫ್ರಾನ್ಸಿನ ಆನ್ರಿ ಮತೀಸನನ್ನು ನೆನೆಯಬೇಕು. 1941ರ ಶಸ್ತ್ರಚಿಕಿತ್ಸೆಯ ಬಳಿಕ ದೇಹ ಕುಗ್ಗಿದ ಆ ಮಹಾ ಚಿತ್ರಕಾರನು ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಜೋಡಿಸುವುದನ್ನೇ ತನ್ನ ಮುಖ್ಯ ಕಲೆಯನ್ನಾಗಿ ಮಾಡಿಕೊಂಡನು. ಆ ಕ್ರಮದ ಚಿತ್ರಗಳುಳ್ಳ ಅವನ 'ಜಾಝ್' ಎಂಬ ಗ್ರಂಥವು 1947ರಲ್ಲಿ ಹೊರಬಂದಿತು. ಜಗತ್ತು ಅದನ್ನು ಹೊಸ ಮಾರ್ಗವೆಂದು ಕೊಂಡಾಡಿತು. ನಮ್ಮ ಬೀದಿಯ ಕತ್ತರಿಗೆ ಆ ಮನ್ನಣೆ ದೊರೆಯದಿರುವುದಕ್ಕೆ ಕೆಲಸದ ಕೊರತೆಯೊಂದೇ ಕಾರಣವೆಂದು ಹೇಳಲಾಗದು.

ಇಲ್ಲಿ ಪೂರ್ವಪಕ್ಷಿಯು ಕೇಳಬಹುದು: ಹತ್ತು ದಿನ ಕಳೆಯುವಷ್ಟರಲ್ಲಿ ಹೊಳೆಯ ಪಾಲಾಗುವ ವಸ್ತುವಿಗೆ ಇಷ್ಟು ವಿಚಾರವೇಕೆ? ಇದಕ್ಕೆ ಸಮಾಧಾನವು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಎಣಿಸಿದನು. ಯಾವುದು ಎಲ್ಲಿಗೆ ಸಲ್ಲುವುದೋ ಅದು ಅಲ್ಲಿರುವುದೇ ಸೊಗಸು. ತಾಬೂತು ಶೋಕದ ವಸ್ತು. ಹೊತ್ತು ಸಾಗಿಸುವುದಕ್ಕೂ ಕಡೆಗೆ ಕಣ್ಣೀರಿನೊಡನೆ ಬಿಟ್ಟುಕೊಡುವುದಕ್ಕೂ ಮಾಡಿದ್ದು. ಹೊರಲು ಹಗುರವಾಗಿರಬೇಕು, ಬಿಟ್ಟಮೇಲೆ ಕರಗಬೇಕು. ಕಾಗದವು ಅಗ್ಗವೆಂಬುದೂ ಒಂದು ಕಾರಣವಿರಬಹುದು. ಆದರೆ ಅದು ನೀರಿನಲ್ಲಿ ನೆನೆದು ಇಲ್ಲವಾಗುವುದು ಅದರ ದೌರ್ಬಲ್ಯವಲ್ಲ, ಅದರ ಅರ್ಥದ ಕೊನೆಯ ಪಾದ. ಅದನ್ನೇ ಕಲ್ಲಿನಲ್ಲಿ ಕಡೆದು ನಿಲ್ಲಿಸಿದರೆ ಸಮಾಧಿಯೊಂದು ದೊರೆತೀತು, ಬೀಳ್ಕೊಡುಗೆಯು ದೊರೆಯಲಾರದು.

ಇದೇ ಅಳತೆಯಿಂದ ನೋಡಿದರೆ ಕಾಗದದ ಇತರ ಕೆಲಸಗಳೂ ತಮ್ಮ ತಮ್ಮ ಸ್ಥಾನವನ್ನು ಪಡೆಯುತ್ತವೆ. ಕಾರಹುಣ್ಣಿಮೆಯ ಸುಮಾರಿಗೆ ಹುಡುಗರು ಹಾರಿಸುವ ಗಾಳಿಪಟದಲ್ಲಿ ಸೂತ್ರ ಕಟ್ಟುವ ಸ್ಥಳ, ಬಾಲಂಗೋಚಿಯ ಉದ್ದ ಇವುಗಳಲ್ಲಿಯೇ ಸೌಂದರ್ಯವಿದೆ. ಚಿತ್ರ ಬರೆದು ಭಾರವಾಗಿಸಿದ ಪಟ ಏಳುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾದುದು ಮೈಸೂರಿನ ಗಂಜೀಫ. ಅಲ್ಲಿ ಪದರಪದರವಾಗಿ ಅಂಟಿಸಿ ಗಟ್ಟಿಮಾಡಿದ ಎಲೆಗಳ ಮೇಲೆ ದೇವತೆಗಳನ್ನು ಬರೆದು ಮೆರುಗು ಹಾಕುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅದಕ್ಕಾಗಿ ಹೊಸ ಆಟಗಳನ್ನೇ ಕಲ್ಪಿಸಿದರು. ಕೈಯಿಂದ ಕೈಗೆ ಸಾಗಬೇಕಾದ ಎಲೆಗೆ ಬಾಳಿಕೆಯೇ ಔಚಿತ್ಯ. ಒಂದೇ ಕಾಗದ; ಮೂರು ಉದ್ದೇಶ; ಮೂರು ಧರ್ಮ.

ಆದರೆ ಕಾಗದದ ಕೆಲಸವೆಲ್ಲವೂ ಶ್ಲಾಘ್ಯವೆಂದು ಹೇಳಹೊರಟರೆ ಅದು ವಿಮರ್ಶೆಯಾಗದು. ತಾಬೂತಿನ ಮೈಯೆಲ್ಲ ಬೇಗಡೆ ಮೆತ್ತಿದಾಗ ಬಿದಿರಿನ ರೇಖೆ ಮುಚ್ಚಿಹೋಗುತ್ತದೆ. ದೀಪದ ಬೆಳಕು ಹೊರಗೆ ಬಾರದು. ನೋಡುವವನಿಗೆ ಉಳಿಯುವುದು ಥಳಕು ಮಾತ್ರ. ಅಂಗಡಿಯಲ್ಲಿ ದೊರೆಯುವ ಅಚ್ಚಿನ ಹೂಗಳನ್ನು ತಂದು ಅಂಟಿಸಿದಾಗ ಕತ್ತರಿ ಹಿಡಿದವನ ಮನಸ್ಸಿಗೆ ಅಲ್ಲಿ ಎಡೆಯೇ ಇಲ್ಲ. ಇವೆಲ್ಲಕ್ಕಿಂತ ದೊಡ್ಡ ದೋಷವು ಪ್ಲಾಸ್ಟಿಕ್ಕಿನಿಂದ ಬಂದಿದೆ. ಹಬ್ಬ ಯಾವುದೇ ಇರಲಿ, ಉತ್ಸವ ಮುಗಿದರೂ ಅದರ ತೋರಣ ಮುಗಿಯುವುದಿಲ್ಲ; ಚರಂಡಿಯಲ್ಲಿ, ಕೆರೆಯಲ್ಲಿ ಬಣ್ಣಗೆಟ್ಟು ಬಿದ್ದಿರುತ್ತದೆ. ರಾಜ್ಯ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ಕಿನ ಚೀಲ, ಬಾವುಟ, ತೋರಣ, ಫ್ಲೆಕ್ಸುಗಳನ್ನು ನಿಷೇಧಿಸಿದುದು ಪರಿಸರದ ರಕ್ಷಣೆಗಾಗಿ. ಕಲೆಯ ದೃಷ್ಟಿಯಿಂದಲೂ ಆ ವಸ್ತುವಿನ ಮೇಲೆ ಒಂದು ಆರೋಪವಿದೆ: ಸಾಯಬೇಕಾದ ಹೊತ್ತಿನಲ್ಲಿ ಸಾಯಲು ಅದಕ್ಕೆ ಬಾರದು. ಉಳಿಯುವುದೇ ಕಲೆಯೆಂಬ ಸಿದ್ಧಾಂತವನ್ನು ಒಪ್ಪಿದವರು ಈ ತೋರಣವನ್ನೂ ಕಲೆಯೆಂದು ಒಪ್ಪಬೇಕಾದೀತು.

ಇನ್ನು ಕಲ್ಲು ಶಾಶ್ವತ, ಕಾಗದ ಕ್ಷಣಿಕ ಎಂಬ ಭೇದವೂ ಪೂರ್ಣ ಸತ್ಯವಲ್ಲ. ಶಾಸನದ ಕಲ್ಲನ್ನು ತೊಳೆದು, ಒದ್ದೆ ಮಾಡಿದ ಹಾಳೆಯನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳೊಳಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ತಟ್ಟಿದರೆ, ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಹರಪನಹಳ್ಳಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಬಾಗಳಿ ಮೊದಲಾದ ಈ ಕಡೆಯ ಊರುಗಳ ಶಾಸನಗಳು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಸಂಪಾದಿಸಿದ ದಕ್ಷಿಣ ಭಾರತದ ಶಾಸನಗಳ 9ನೆಯ ಸಂಪುಟದ ಮೊದಲ ಭಾಗದಲ್ಲಿ 1939ರಲ್ಲಿ ಪ್ರಕಟವಾದವು. ಬಿಸಿಲು ಮಳೆಗಳಿಗೆ ಕಲ್ಲಿನ ಅಕ್ಷರ ಸವೆದರೂ ಓದು ಉಳಿಯುವಂತೆ ಮಾಡಿದುದು ಕಾಗದ.

ಹಾಗಾದರೆ ತಾಬೂತನ್ನು ನೀರಿಗೆ ಬಿಡದೆ ವಸ್ತುಸಂಗ್ರಹಾಲಯದಲ್ಲಿ ಇಡಬೇಕೇ? ನಮ್ಮ ಅಭಿಪ್ರಾಯ ಅದಲ್ಲ. ಶಿಲ್ಪಿ ಸತ್ತರೂ ಗುಡಿ ಉಳಿದು ಅವನ ಮಾತನ್ನು ಹೇಳುತ್ತದೆ. ಕಾಗದದ ಕುಶಲಿ ಸತ್ತರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ; ಒಂದೇ ತಲೆಮಾರಿನ ಅಲಕ್ಷ್ಯ ಸಾಕು. ಆದುದರಿಂದ ಕಾಪಾಡಬೇಕಾದುದು ವಸ್ತುವನ್ನಲ್ಲ, ಕೈಯನ್ನು. ಜಪಾನಿನ ಅಕಿರಾ ಯೋಶಿಜಾವಾ (1911–2005) ಕಾಗದ ಮಡಿಸುವ ಕ್ರಮವನ್ನು ಚುಕ್ಕಿಗೆರೆ ಮತ್ತು ಬಾಣದ ಗುರುತುಗಳಿಂದ ಬರೆದಿಡುವ ಪದ್ಧತಿಯನ್ನು ರೂಪಿಸಿದನು. ಸಂಗೀತಕ್ಕೆ ಸ್ವರಲಿಪಿಯಂತೆ ಅದು ದೂರದ ದೇಶಗಳವರಿಗೂ ದಾರಿಯಾಯಿತು. ನಮ್ಮ ಜಿಲ್ಲೆಯ ಸಾಹಿತ್ಯ ಸಂಸ್ಥೆಗಳು ಪದಗಳನ್ನು ಬರೆದುಕೊಂಡಂತೆಯೇ, ಹಾಳೆಗೆ ಎಷ್ಟು ಮಡಿಕೆ, ಕತ್ತರಿ ಎಲ್ಲಿಂದ ಎಲ್ಲಿಗೆ, ಬಿದಿರಿನ ಅಳತೆ ಎಷ್ಟು ಎಂಬುದನ್ನು ಬಲ್ಲವರಿಂದ ಕೇಳಿ ಬರೆದಿಟ್ಟುಕೊಳ್ಳಬಾರದೇಕೆ? ಅಷ್ಟಾದರೆ ಈ ವರ್ಷದ ತಾಬೂತು ನಿಶ್ಚಿಂತೆಯಿಂದ ಹೊಳೆಗೆ ಹೋಗಬಹುದು. ಮುಂದಿನ ವರ್ಷ ಅದನ್ನು ಕಟ್ಟಲು ಬಲ್ಲವರು ಊರಿನಲ್ಲಿ ಇದ್ದೇ ಇರುತ್ತಾರೆ.