ಮೈಲೇಜ್ ಲೆಕ್ಕ ಗಿಟ್ಟುತ್ತದೆಯೇ?

ಕಾರು ಕೊಂಡವರಿಗೆ ನಮ್ಮಲ್ಲಿ ಎದುರಾಗುವ ಮೊದಲ ಪ್ರಶ್ನೆ, "ಎಷ್ಟು ಕೊಡುತ್ತೆ?" ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಈ ಪ್ರಶ್ನೆಗೆ ಒಂದು ಮರಿ ಹುಟ್ಟಿಕೊಂಡಿದೆ. ಈಗಿರುವ ಕಾರು ತುಂಬ ಕುಡಿಯುತ್ತದೆ, ಅದನ್ನು ಕೊಟ್ಟು ಕಡಿಮೆ ಕುಡಿಯುವುದನ್ನು ತಂದರೆ ದುಡ್ಡು ಉಳಿಯುತ್ತದಲ್ಲವೇ? ಬೆಂಗಳೂರಿರಲಿ ಹುಬ್ಬಳ್ಳಿಯಿರಲಿ, ಮಧ್ಯಮವರ್ಗದ ಮನೆಯಲ್ಲಿ ಕಾರು ಬದಲಾಯಿಸಲು ಇದಕ್ಕಿಂತ ಮರ್ಯಾದಸ್ಥ ಕಾರಣ ಸಿಗುವುದಿಲ್ಲ. ಹೊಸ ಕಾರಿನ ಆಸೆಯಾಗಿದೆ ಎಂದರೆ ಯಾರಾದರೂ ಅಡ್ಡಮಾತು ಆಡುತ್ತಾರೆ. ಉಳಿತಾಯ ಮಾಡುತ್ತಿದ್ದೇನೆ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಈ ರೂಢಿಯ ಲೆಕ್ಕವನ್ನು ಒಮ್ಮೆ ಪೂರ್ತಿ ಬರೆದು ನೋಡಿದರೆ ಅದು ಎಲ್ಲಿ ಸೋರುತ್ತದೆ ಎಂಬುದು ಗೊತ್ತಾಗುತ್ತದೆ.

ಹತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, ಊರೊಳಗಿನ ಓಡಾಟದಲ್ಲಿ ಲೀಟರಿಗೆ 12.5 ಕಿ.ಮೀ. ಕೊಡುತ್ತಿದೆ ಎನ್ನೋಣ. ವರ್ಷಕ್ಕೆ 10,000 ಕಿ.ಮೀ. ಓಟ, ಪೆಟ್ರೋಲಿಗೆ ಲೆಕ್ಕದ ಸುಲಭಕ್ಕೆ ನೂರು ರೂಪಾಯಿ. 800 ಲೀಟರಿಗೆ ₹80,000 ಆಯಿತು. ಹೊಸ ಕಾರು ಅದೇ ರಸ್ತೆಯಲ್ಲಿ 20 ಕೊಟ್ಟರೆ 500 ಲೀಟರ್, ₹50,000. ವರ್ಷಕ್ಕೆ ₹30,000 ಉಳಿಯಿತು. ಸಾಮಾನ್ಯವಾಗಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಷೋರೂಮಿನವರೂ ಕಾಗದದ ಮೇಲೆ ಇಷ್ಟನ್ನೇ ಬರೆದು ತೋರಿಸುತ್ತಾರೆ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ, ಕಾಗದದ ಉಳಿದರ್ಧ ಖಾಲಿ ಬಿಟ್ಟಿರುತ್ತಾರೆ ಅಷ್ಟೇ.

ಆ ಅರ್ಧವನ್ನು ತುಂಬೋಣ. ಹೊಸ ಕಾರಿನ ಷೋರೂಂ ಬೆಲೆ 8 ಲಕ್ಷ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 14ರಷ್ಟು ಜೀವಿತಾವಧಿ ತೆರಿಗೆ, ಅಂದರೆ ₹1,12,000. ಅದರ ಮೇಲೆ ಸೆಸ್ ಬೇರೆ. ಈ ತೆರಿಗೆಯೊಂದೇ ನಾಲ್ಕು ವರ್ಷದ ಪೆಟ್ರೋಲ್ ಉಳಿತಾಯವನ್ನು ಹೆಚ್ಚುಕಡಿಮೆ ನುಂಗಿತು. ಗಾಡಿ ಇನ್ನೂ ಷೋರೂಂ ಬಾಗಿಲು ದಾಟಿಲ್ಲ. ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವಾಗ 9.75 ಲಕ್ಷ ಆಯಿತು ಎಂದುಕೊಳ್ಳಿ. ಹಳೆಯದಕ್ಕೆ 2.25 ಲಕ್ಷ ಸಿಕ್ಕರೆ ಕೈಯಿಂದ ಹೋದದ್ದು 7.5 ಲಕ್ಷ. ಅಷ್ಟನ್ನು ಬ್ಯಾಂಕಿನಲ್ಲಿ ಶೇ 6.5ಕ್ಕೆ ಎಫ್‌ಡಿ ಇಟ್ಟಿದ್ದರೆ ವರ್ಷಕ್ಕೆ ₹48,750 ಬಡ್ಡಿ ಬರುತ್ತಿತ್ತು. ₹30,000 ಉಳಿಸಲು ಅದಕ್ಕಿಂತ ದೊಡ್ಡ ಬಡ್ಡಿಯನ್ನು ಬಿಟ್ಟುಕೊಟ್ಟ ಹಾಗಾಯಿತು. ಸಾಲ ಮಾಡಿ ತಂದವರ ಪಾಡು ಇದಕ್ಕಿಂತ ಬಿಗಿ, ಏಕೆಂದರೆ ಕಾರು ಸಾಲದ ಬಡ್ಡಿ ಎಫ್‌ಡಿ ಬಡ್ಡಿಗಿಂತ ಮೇಲೆಯೇ ಇರುತ್ತದೆ.

ಇನ್ನು ಬೆಲೆ ಇಳಿಯುವ ಮಾತು. ಕಾರಿನ ಅತಿದೊಡ್ಡ ಖರ್ಚು ಇದೇ, ಆದರೂ ಇದಕ್ಕೆ ಯಾರೂ ಬಿಲ್ ಕೊಡುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ನೋಡಬೇಕೆಂದರೆ ವಿಮೆ ಪಾಲಿಸಿ ತೆರೆದು ಐಡಿವಿ ಎಂಬ ಸಾಲನ್ನು ಹುಡುಕಬೇಕು. ಕಾರು ಕಳುವಾದರೆ ಕಂಪನಿ ಕೊಡುವ ಮೊತ್ತ ಅದು. ಆ ಲೆಕ್ಕದ ಪಟ್ಟಿಯಲ್ಲಿ ಆರು ತಿಂಗಳು ದಾಟಿದ ಕಾರಿಗೆ ಶೇ 15, ವರ್ಷ ದಾಟಿದ್ದಕ್ಕೆ ಶೇ 20, ನಾಲ್ಕು ದಾಟಿದ್ದಕ್ಕೆ ಶೇ 50 ಕಡಿತ. 8 ಲಕ್ಷದ ಗಾಡಿ ಐದನೇ ವರ್ಷದಲ್ಲಿ 4 ಲಕ್ಷದ್ದು. ಅಷ್ಟು ಹೊತ್ತಿಗೆ ಉಳಿಸಿದ ಪೆಟ್ರೋಲಿನ ದುಡ್ಡು ಒಂದೂವರೆ ಲಕ್ಷ. ಹಳೆ ಕಾರಿನ ಬೆಲೆಯೂ ಇಳಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕಳೆದುಕೊಳ್ಳಲು ಅದರ ಬಳಿ ಇರುವುದೇ ಎರಡೂಕಾಲು ಲಕ್ಷ.

"ಹಳೇ ಗಾಡಿಗೆ ರಿಪೇರಿ ಖರ್ಚಿಲ್ವಾ ಸಾರ್?" ಎಂಬುದು ಇದಕ್ಕೆ ಸಿದ್ಧವಿರುವ ಉತ್ತರ. ಇದೆ. ಕ್ಲಚ್ ಪ್ಲೇಟು, ಸಸ್ಪೆನ್ಷನ್, ನಾಲ್ಕು ಟೈರು ಒಟ್ಟಿಗೆ ಬಂದ ವರ್ಷ ಗ್ಯಾರೇಜಿನ ಬಿಲ್ಲು ನೋಡಿ ಎದೆ ಧಸಕ್ಕೆನ್ನುತ್ತದೆ. ಬಹಳಷ್ಟು ಕಾರುಗಳು ಕೈಬದಲಾಗುವುದು ಆ ವಾರದಲ್ಲೇ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 2022ರಿಂದ ₹5,000 ಶುಲ್ಕವೂ ಇದೆ. ಆದರೆ 40 ಸಾವಿರದ ರಿಪೇರಿ ಬಿಲ್ಲು ಎಷ್ಟೇ ಉರಿಸಿದರೂ ಅದು ಹೊಸ ಕಾರಿನ ಮೂರು ನಾಲ್ಕು ಕಂತಿಗೆ ಸಮ, ಮತ್ತು ಪ್ರತಿವರ್ಷ ಬರುವುದಿಲ್ಲ. ಕಂತು ಮಾತ್ರ ಐದನೇ ತಾರೀಖಿಗೆ ಸದ್ದಿಲ್ಲದೆ ಖಾತೆಯಿಂದ ಹೋಗುತ್ತದೆ. ಸದ್ದಿಲ್ಲದೆ ಹೋಗುವ ದುಡ್ಡನ್ನು ಖರ್ಚೆಂದು ಎಣಿಸುವ ಅಭ್ಯಾಸ ನಮಗಿಲ್ಲ.

ಮೈಲೇಜ್ ಎಂಬ ಅಳತೆಯೇ ಇನ್ನೊಂದು ಬಗೆಯಲ್ಲಿ ಕಣ್ಣು ಕಟ್ಟುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಅವರು ಮಾತಾಡಿದ್ದು ಗ್ಯಾಲನ್ನಿಗೆ ಎಷ್ಟು ಮೈಲಿ ಎಂಬ ಅಳತೆಯ ಬಗ್ಗೆ, ನಮ್ಮ ಲೀಟರ್ ಲೆಕ್ಕಕ್ಕೂ ಅದು ಹಾಗೆಯೇ ಒಪ್ಪುತ್ತದೆ. 10 ಕೊಡುವ ಕಾರಿನಿಂದ 12.5 ಕೊಡುವುದಕ್ಕೆ ಬದಲಾದರೆ 10,000 ಕಿ.ಮೀ.ಗೆ 200 ಲೀಟರ್ ಉಳಿಯುತ್ತದೆ. 20ರಿಂದ 25ಕ್ಕೆ ಹೋದರೆ ಉಳಿಯುವುದು 100 ಲೀಟರ್ ಮಾತ್ರ. ಕೇಳಲು ಎರಡೂವರೆಗಿಂತ ಐದು ದೊಡ್ಡದು, ಬಂಕಿನಲ್ಲಿ ಅದರ ಉಳಿತಾಯ ಅರ್ಧದಷ್ಟೇ. ಯುರೋಪಿನವರು ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ಬರೆಯುವುದರಿಂದ ಈ ಎಡವಟ್ಟು ಅವರಿಗೆ ಕಡಿಮೆ. ಇದರ ಅರ್ಥ, ಭಾರಿ ಎಸ್‌ಯುವಿ ಇಟ್ಟುಕೊಂಡು ಊರೂರು ಸುತ್ತುವವರಿಗೆ ಬದಲಾವಣೆಯಿಂದ ಏನೋ ದಕ್ಕೀತು. ಈಗಾಗಲೇ 18 ಕೊಡುವ ಪುಟ್ಟ ಕಾರಿನವರು 23ರ ಆಸೆಗೆ ಬಿದ್ದರೆ ದಕ್ಕುವುದು ಚಿಲ್ಲರೆ. ಬೇಸರದ ಸಂಗತಿಯೆಂದರೆ ಮೈಲೇಜ್ ಚಿಂತೆ ಹೆಚ್ಚಿರುವುದು ಈ ಎರಡನೆಯವರಲ್ಲೇ.

ಜಾಹೀರಾತಿನ ಅಂಕಿಯಂತೂ ಇನ್ನೊಂದು ಲೋಕದ್ದು. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ಎ.ಸಿ. ಆರಿಸಿ, ಗಂಟೆಗೆ 90 ಕಿ.ಮೀ. ಮೀರದಂತೆ ಓಡಿಸಿ ಪಡೆದದ್ದು ಅದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೇ ತಿಂಗಳ ಮಧ್ಯಾಹ್ನ ಎ.ಸಿ. ಆರಿಸುವವರು ಯಾರು? ಈಗ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಸೇರಿದೆ, ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಳೆ ಕಾರಿನ ಮೈಲೇಜ್ ಇಳಿಯಿತೆಂದು ದೂರುವವರ ಮಾತಿನಲ್ಲಿ ಹುರುಳಿದೆ. ಹೊಸ ಕಾರಿಗೂ ಹಾಕಿಸುವುದು ಅದೇ ಬಂಕಿನ ಅದೇ ಪೆಟ್ರೋಲು ಎಂಬುದನ್ನು ಮಾತ್ರ ಅವರು ಮರೆಯುತ್ತಾರೆ.

ಹೈಬ್ರಿಡ್ ಕಾರುಗಳನ್ನು ತಾಂತ್ರಿಕವಾಗಿ ನಾನು ಮೆಚ್ಚುತ್ತೇನೆ. ತೆವಳುವ ಟ್ರಾಫಿಕ್ಕಿನಲ್ಲಿ ಎಂಜಿನ್ ಆರಿಸಿಕೊಂಡು ಬ್ಯಾಟರಿಯಲ್ಲಿ ಸಾಗುವ, ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಮರಳಿ ಹಿಡಿಯುವ ಈ ಯಂತ್ರ ಬೆಂಗಳೂರಿಗೆಂದೇ ಮಾಡಿದಂತಿದೆ. ಆದರೆ ಲೆಕ್ಕದ ಮಾತು ಬೇರೆ. ಮಾರುತಿ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಅದರ ಪೂರ್ಣ ಹೈಬ್ರಿಡ್ ಮಾದರಿಗೆ ಕಂಪನಿ ಹೇಳಿದ ಮೈಲೇಜ್ 27.97, ಸಾದಾ ಮಾದರಿಗೆ 21ರ ಆಸುಪಾಸು. ಎರಡನ್ನೂ ನಂಬಿದರೂ ವರ್ಷಕ್ಕೆ 10,000 ಕಿ.ಮೀ. ಓಟದಲ್ಲಿ ಉಳಿಯುವುದು ಸುಮಾರು 120 ಲೀಟರ್, ₹12,000. ಹೈಬ್ರಿಡ್‌ಗೆ 2 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಹುಟ್ಟಲು ಹದಿನಾರು ವರ್ಷ ದಾಟಬೇಕು. ಆ 2 ಲಕ್ಷದ ಮೇಲೂ ರಾಜ್ಯ ಸರ್ಕಾರ ತೆರಿಗೆ ಹಾಕುತ್ತದೆ, ಹತ್ತು ಲಕ್ಷ ಮೀರಿದ ಕಾರಿಗೆ ಶೇ 17ರಂತೆ.

ಇಂಧನದ ಬೆಲೆ ಇಂದಿದ್ದ ಹಾಗೆಯೇ ನಾಳೆಯೂ ಇರುತ್ತದೆ ಎಂಬ ನಂಬಿಕೆ ಈ ರೂಢಿಯ ಇನ್ನೊಂದು ದೌರ್ಬಲ್ಯ. ಡೀಸೆಲ್ ಕಾಲ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು, ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ವರೆಗೂ ಹಿಡಿದೇ ಇಟ್ಟಿತು. ನಡುವೆ ಒಂದು ಹಂತದಲ್ಲಿ ಎರಡರ ಅಂತರ ಲೀಟರಿಗೆ 25 ರೂಪಾಯಿ ಮೀರಿತ್ತು. ದಿನಕ್ಕೆ ಹತ್ತು ಕಿ.ಮೀ. ಓಡಿಸುವವರೂ ಲಕ್ಷ ಹೆಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾದು ಡೀಸೆಲ್ ಕಾರು ತಂದರು. ಆಮೇಲೆ ಅಂತರ ಕರಗಿತು. ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ 2020ರ ಏಪ್ರಿಲ್‌ಗೆ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಈಗ ಸಿಎನ್‌ಜಿ ಬಗ್ಗೆ ಕೇಳಿಬರುವ ಮಾತಿನ ಧಾಟಿ ಅಂದಿನದೇ.

ಹಾಗೆಂದು ಸಿಎನ್‌ಜಿ ಲೆಕ್ಕ ಪೊಳ್ಳು ಎನ್ನಲಾರೆ. ಅದು ಯಾರಿಗೆ ಗಿಟ್ಟುತ್ತದೆ ಎಂದು ತಿಳಿಯಲು ಬೆಂಗಳೂರಿನ ಟ್ಯಾಕ್ಸಿ ಚಾಲಕರನ್ನು ಕೇಳಬೇಕು. ಅವರು ಮೈಲೇಜ್ ಮಾತಾಡುವುದು ಕಡಿಮೆ, "ಕಿಲೋಮೀಟರಿಗೆ ಎಷ್ಟು ಬೀಳುತ್ತೆ" ಎನ್ನುತ್ತಾರೆ. ನಗರದಲ್ಲಿ 15 ಕೊಡುವ ಪೆಟ್ರೋಲ್ ಕಾರಿಗೆ ಕಿ.ಮೀ.ಗೆ ₹6.70 ಬೀಳುತ್ತದೆ. ಕೆಜಿಗೆ 90 ರೂಪಾಯಿಯ ಗ್ಯಾಸಿನಲ್ಲಿ 25 ಕಿ.ಮೀ. ಓಡಿದರೆ ₹3.60. ತಿಂಗಳಿಗೆ 5,000 ಕಿ.ಮೀ. ಓಡಿಸುವವರಿಗೆ ಹದಿನೈದು ಸಾವಿರದಷ್ಟು ಉಳಿಯುತ್ತದೆ. ಸಿಎನ್‌ಜಿ ಮಾದರಿಗೆ 90 ಸಾವಿರ ಹೆಚ್ಚು ಕೊಟ್ಟಿದ್ದರೂ ಆರು ತಿಂಗಳಲ್ಲಿ ಬಂತು. ತಿಂಗಳಿಗೆ 800 ಕಿ.ಮೀ. ಓಡಿಸುವ ಕಚೇರಿಯವರಿಗೆ ಅದೇ ಹಣ ಹುಟ್ಟಲು ಮೂರು ವರ್ಷ, ಅದೂ ಹೇಗೂ ಹೊಸ ಕಾರು ಕೊಳ್ಳಲೇಬೇಕಿದ್ದರೆ. ಇರುವ ಕಾರನ್ನು ಮಾರಿ ತಂದರೆ ಆ ಲೆಕ್ಕವೂ ಇಲ್ಲ. ಡಿಕ್ಕಿಯಲ್ಲಿ ಜಾಗ ಹೋಗುತ್ತದೆ, ಗ್ಯಾಸ್ ಬಂಕಿನ ಸಾಲಿನಲ್ಲಿ ಹೊತ್ತು ಹೋಗುತ್ತದೆ. "ಹೇಗೂ ಗ್ಯಾಸ್ ಗಾಡಿ, ಹೋಗಿಬಂದುಬಿಡೋಣ" ಎಂದು ಹೆಚ್ಚಾಗುವ ವಾರಾಂತ್ಯದ ಓಟ ಬೇರೆ.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ಕಾರಿನಲ್ಲಿ ಬಂದುಹೋಗುವವರ ಲೆಕ್ಕ ಮಾತ್ರ ತಕ್ಕಡಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ದಿನಕ್ಕೆ 140 ಕಿ.ಮೀ., ವರ್ಷಕ್ಕೆ 37,000. ಹಳೆ ಕಾರು ಹೆದ್ದಾರಿಯಲ್ಲಿ 15 ಕೊಟ್ಟರೆ ಪೆಟ್ರೋಲಿಗೆ ₹2.47 ಲಕ್ಷ. ಕೆಜಿಗೆ 30 ಕೊಡುವ ಸಿಎನ್‌ಜಿಯಲ್ಲಿ ₹1.11 ಲಕ್ಷ. ಉಳಿಯುವ ₹1.36 ಲಕ್ಷ, ಮೇಲೆ ಹೇಳಿದ ಬಡ್ಡಿ ಮತ್ತು ಬೆಲೆ ಇಳಿಕೆಯನ್ನು ಹೊಸ ಕಾರಿನಲ್ಲೂ ಕೂದಲೆಳೆಯಷ್ಟು ದಾಟುತ್ತದೆ. ಅದೇ ಕಾರನ್ನು ನಾಲ್ಕು ವರ್ಷ ಓಡಿದ್ದನ್ನು ನೋಡಿ 4 ಲಕ್ಷಕ್ಕೆ ತಂದರೆ ಚಿತ್ರ ಬೇರೆಯಾಗುತ್ತದೆ. ಜೀವಿತಾವಧಿ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿರುತ್ತಾರೆ, ಬೆಲೆಯ ಕಡಿದಾದ ಇಳಿಜಾರೂ ಅವರ ಕೈಯಲ್ಲೇ ಮುಗಿದಿರುತ್ತದೆ. ಹಳೆಯದನ್ನು ಮಾರಿದ ಮೇಲೆ ಹೊರಗೆ ಹೋಗುವುದು 1.75 ಲಕ್ಷ, ಎರಡು ವರ್ಷದೊಳಗೆ ಗ್ಯಾಸಿನ ಉಳಿತಾಯವೇ ಅದನ್ನು ತೀರಿಸುತ್ತದೆ. ಇಂಥ ಗಾಡಿ ಕೊಳ್ಳುವಾಗ ದಲ್ಲಾಳಿ ಹೇಳುವ ಮೈಲೇಜಿಗಿಂತ ಮೊದಲು ನೋಡಬೇಕಾದದ್ದು ಸಿಲಿಂಡರಿನ ಮೇಲಿನ ತಗಡು, ಅದರ ಒತ್ತಡ ಪರೀಕ್ಷೆ ಕೊನೆಯ ಬಾರಿ ಯಾವಾಗ ಆಗಿದೆ ಎಂಬ ತಾರೀಖು.